ಪುಸ್ತಕಕ್ಕೊಂದು ಮುಖ: ಖರ್ಚಿಲ್ಲದೆ, ಕಳವಿಲ್ಲದೆ

ಮುಖ ನೋಡಿ ಮಣೆ ಹಾಕುವುದು ಮನುಷ್ಯರ ವಿಷಯದಲ್ಲಿ ತಪ್ಪು. ಪುಸ್ತಕದ ಅಂಗಡಿಯಲ್ಲಿ ಮಾತ್ರ ಎಲ್ಲರೂ ಮಾಡುವುದು ಅದನ್ನೇ. ಶಾಲೆಯ ವಾರ್ಷಿಕ ಸಂಚಿಕೆಯಿರಲಿ, ಅಜ್ಜಿ ಹೇಳಿಕೊಟ್ಟ ಹಾಡುಗಳ ಸಂಗ್ರಹವಿರಲಿ, ಒಳಗಿನ ಬರಹಕ್ಕೆ ತಿಂಗಳುಗಟ್ಟಲೆ ದುಡಿದವರು ಮುಖಪುಟದ ಹೊತ್ತಿಗೆ ಕೈಚೆಲ್ಲುತ್ತಾರೆ. ಆಗ ಕಾಣುವುದು ಎರಡೇ ದಾರಿ. ದುಡ್ಡು ಕೊಟ್ಟು ಮಾಡಿಸುವುದು ಒಂದು. ದುಬಾರಿ ತಂತ್ರಾಂಶದ ಕಳ್ಳಪ್ರತಿಯನ್ನು ಯಾರಿಂದಲೋ ತಂದುಕೊಳ್ಳುವುದು ಇನ್ನೊಂದು. ಆದರೆ ಮೂರನೆಯ ದಾರಿಯೂ ಇದೆ.

1995ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರ ತಿದ್ದುವ ತಂತ್ರಾಂಶವೊಂದನ್ನು ಬರೆಯತೊಡಗಿದರು. 1996ರಲ್ಲಿ ಅದನ್ನು ಸಾರ್ವಜನಿಕರ ಮುಂದಿಟ್ಟರು. ಅದೇ ‘ಗಿಂಪ್’. ಯಾರೂ ಬಳಸಬಹುದು, ಗೆಳೆಯರಿಗೆ ಹಂಚಬಹುದು, ಬಲ್ಲವರು ಒಳಗಿನದನ್ನು ತೆರೆದು ತಿದ್ದಲೂಬಹುದು ಎಂಬುದೇ ಅದರ ಪರವಾನಗಿಯ ಸಾರ. ಸ್ವಯಂಸೇವಕರು ಬೆಳೆಸುತ್ತ ಬಂದ ಈ ತಂತ್ರಾಂಶದ 3.0 ಆವೃತ್ತಿ 2025ರಲ್ಲಿ ಹೊರಬಂತು. ಇದೇ ಬಗೆಯ ಇನ್ನೆರಡು ಮುಕ್ತ ತಂತ್ರಾಂಶಗಳು ‘ಇಂಕ್‌ಸ್ಕೇಪ್’ ಮತ್ತು ‘ಸ್ಕ್ರೈಬಸ್’.

ಮೂರಕ್ಕೂ ಕೆಲಸ ಬೇರೆ ಬೇರೆ. ಗಿಂಪ್‌ನಲ್ಲಿ ಚಿತ್ರವೆಂದರೆ ಸಾಲಾಗಿ ಇಟ್ಟ ಬಣ್ಣದ ಚುಕ್ಕಿಗಳು. ಹೆಚ್ಚು ಹಿಗ್ಗಿಸಿದರೆ ಅವು ಚೌಕಗಳಾಗಿ ಕಣ್ಣಿಗೆ ಹೊಡೆಯುತ್ತವೆ. ಛಾಯಾಚಿತ್ರ ತಿದ್ದಲು ಇದು ತಕ್ಕದ್ದು. ಇಂಕ್‌ಸ್ಕೇಪ್ ಗೆರೆಗಳನ್ನು ಗಣಿತದ ಸೂತ್ರವಾಗಿ ನೆನಪಿಟ್ಟುಕೊಳ್ಳುತ್ತದೆ. ಅಂಚೆಚೀಟಿಯಷ್ಟಿದ್ದ ಚಿತ್ರವನ್ನು ಗೋಡೆಯಷ್ಟು ಮಾಡಿದರೂ ಅಂಚು ಒರಟಾಗದು. ಗೆರೆಚಿತ್ರ, ಶೀರ್ಷಿಕೆಗಳಿಗೆ ಇದು ಅನುಕೂಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ ಮುದ್ರಣಾಲಯಕ್ಕೆ ಬೇಕಾದ ಪಿ.ಡಿ.ಎಫ್. ಸಿದ್ಧಮಾಡುವುದು ಸ್ಕ್ರೈಬಸ್.

ಮೊದಲು ಅಳತೆ, ಆಮೇಲೆ ಚಿತ್ರ

ಕಂಪ್ಯೂಟರ್ ತೆರೆಯುವ ಮುನ್ನ ಕೈಗೆ ಬರಬೇಕಾದದ್ದು ಸ್ಕೇಲು. ಮುಖಪುಟ, ಬೆನ್ನು, ಹಿಂಬದಿ ಮೂರೂ ಸೇರಿದ ಒಂದೇ ಹಾಳೆ ರಕ್ಷಾಪುಟ. ಉದಾಹರಣೆಗೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರದ ಪುಸ್ತಕವೊಂದಕ್ಕೆ 96 ಪುಟ, ಅಂದರೆ 48 ಹಾಳೆ. ಅದೇ ಕಾಗದದ 100 ಹಾಳೆಗಳನ್ನು ಒತ್ತಿಹಿಡಿದು ಅಳೆದಾಗ 10 ಮಿ.ಮೀ. ಬಂದರೆ ಒಂದು ಹಾಳೆಯ ದಪ್ಪ 0.1 ಮಿ.ಮೀ. ಹಾಗಾದರೆ ಬೆನ್ನು 4.8 ಮಿ.ಮೀ., ಸುಮಾರು 5. ಪುಸ್ತಕದ ಅಗಲ ಸುಮಾರು 140 ಮಿ.ಮೀ.; 140 + 5 + 140 ಕೂಡಿದರೆ 285.

ಕತ್ತರಿಸುವಾಗ ಅಲಗು ಕೊಂಚ ಸರಿದರೂ ಬಿಳಿ ಅಂಚು ಕಾಣಬಾರದೆಂದು ಸುತ್ತಲೂ 3 ಮಿ.ಮೀ. ಬಣ್ಣವನ್ನು ಹೆಚ್ಚಾಗಿ ಹರಡುತ್ತಾರೆ. ಮುದ್ರಣದವರು ಇದನ್ನು ‘ಬ್ಲೀಡ್’ ಎನ್ನುತ್ತಾರೆ. ಅಲ್ಲಿಗೆ ಇಡೀ ಹಾಳೆ 291 × 222 ಮಿ.ಮೀ. ಇಷ್ಟು ತೆಳುವಾದ ಬೆನ್ನಿನ ಮೇಲೆ ಹೆಸರು ಹಾಕದಿರುವುದೇ ಕ್ಷೇಮ. ಮಡಿಕೆ ಒಂದು ಮಿ.ಮೀ. ಜಾರಿದರೂ ಅಕ್ಷರ ಮುಖಪುಟಕ್ಕೆ ಇಣುಕುತ್ತದೆ.

ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಎಂಬುದು ರೂಢಿ. ಇದೇ ಪುಸ್ತಕದ ಮುಖಪುಟ ತುಂಬುವ ಛಾಯಾಚಿತ್ರಕ್ಕೆ 1650 × 2550 ಚುಕ್ಕಿಗಳಾದರೂ ಬೇಕು. ಮೊಬೈಲಿನ ಮೂಲ ಚಿತ್ರದಲ್ಲಿ ಸಾಮಾನ್ಯವಾಗಿ ಇಷ್ಟಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸುವುದು ಒಳ್ಳೆಯದು.

ಪರದೆಯ ನೀಲಿ, ಕಾಗದದ ನೀಲಿ

ಕಂಪ್ಯೂಟರಿನಲ್ಲಿ ಹೊಳೆಯುತ್ತಿದ್ದ ನೀಲಿ ಅಚ್ಚಾದ ಮೇಲೆ ಮಂಕಾಯಿತೆಂಬ ದೂರು ಸಾಮಾನ್ಯ. ಮುದ್ರಕರ ತಪ್ಪೇ ಆಗಿರಬೇಕಿಲ್ಲ. ಪರದೆ ಬೆಳಕನ್ನು ಸೂಸುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳು ಕೂಡಿದರೆ ಬಿಳಿ. ಕಾಗದದ ಮೇಲಿನ ಶಾಯಿ ಬೆಳಕನ್ನು ಹೀರುತ್ತದೆ. ಅಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಈ ನಾಲ್ಕರ ಬೆರಕೆಯಿಂದಲೇ ಬಣ್ಣ ಹುಟ್ಟಬೇಕು. ಪರದೆಯ ಕೆಲವು ಬಣ್ಣಗಳು ಶಾಯಿಯ ಅಳವಿಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಒಂದೇ ಪ್ರತಿ ಅಚ್ಚು ಹಾಕಿಸಿ ನೋಡಬೇಕು.

ಅಕ್ಷರಗಳಿಗೆ ಯೂನಿಕೋಡ್ ಫಾಂಟುಗಳೇ ಸೂಕ್ತ. ನೋಟೊ ಸೆರಿಫ್ ಕನ್ನಡ ಗಂಭೀರ ವಿಷಯಕ್ಕೆ ಒಪ್ಪುತ್ತದೆ. ದುಂಡಗೆ ದಪ್ಪಗಿರುವ ಬಾಲೂ ತಮ್ಮ ಮಕ್ಕಳ ಪುಸ್ತಕಕ್ಕೆ ಚೆಂದ. ಎರಡೂ ಉಚಿತ. ಕನ್ನಡದ ಒತ್ತಕ್ಷರಗಳು ಕೆಳಗೆ ಜಾಗ ಬೇಡುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಅಂತರ ಬಿಡಬೇಕು. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳನ್ನು ಪಿ.ಡಿ.ಎಫ್.ನಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು. ಫಾಂಟುಗಳು ನೂರಿವೆಯೆಂದು ನೂರನ್ನೂ ಬಳಸಬೇಕಿಲ್ಲ, ಎರಡು ಸಾಕು. ಮುಗಿದ ವಿನ್ಯಾಸವನ್ನು ಗೋಡೆಗೆ ಅಂಟಿಸಿ ಹತ್ತು ಅಡಿ ದೂರದಿಂದ ನೋಡಿ. ಹೆಸರು ಓದಲು ಬಂದರೆ ಅರ್ಧ ಗೆದ್ದಂತೆ.

ಚಿತ್ರ ಯಾರದು?

ಅಂತರಜಾಲದಲ್ಲಿ ಸಿಕ್ಕ ಚಿತ್ರವೆಲ್ಲ ಊರ ಕೆರೆಯ ನೀರಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯಂತೆ ಕಲಾವಿದನ ಹಕ್ಕು ಆತ ಬದುಕಿರುವವರೆಗೆ, ಆನಂತರವೂ 60 ವರ್ಷ ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳು ಈಗ ಎಲ್ಲರವು. ನೆನ್ನೆ ಮೊನ್ನೆಯ ಕಲಾವಿದರ ಚಿತ್ರಗಳು ಹಾಗಲ್ಲ. ವಿಕಿಮೀಡಿಯ ಕಾಮನ್ಸ್‌ನಂಥ ತಾಣಗಳಲ್ಲಿ ಪ್ರತಿ ಚಿತ್ರದ ಕೆಳಗೂ ಬಳಕೆಯ ಷರತ್ತು ಬರೆದಿರುತ್ತದೆ. ಅದನ್ನು ಓದಿ, ಕೇಳಿದ್ದರೆ ಕಲಾವಿದರ ಹೆಸರು ಹಾಕಬೇಕು. ಇವೆಲ್ಲಕ್ಕಿಂತ ಸುಲಭವಾದದ್ದು ಸ್ವಂತ ಚಿತ್ರ. ಹಾಡಿನ ಪುಸ್ತಕಕ್ಕೆ ಬೀಸುವ ಕಲ್ಲಿನ ಮೇಲಿಟ್ಟ ಅಜ್ಜಿಯ ಕೈಗಿಂತ ಒಳ್ಳೆಯ ಚಿತ್ರ ಎಲ್ಲಿ ಸಿಕ್ಕೀತು?

ಪಾಲಕರು ಗಮನಿಸಬೇಕಾದ ಮಾತೊಂದಿದೆ. ತಂತ್ರಾಂಶದ ಕಳ್ಳಪ್ರತಿ ತಂದುಕೊಟ್ಟರೆ ಅದರ ಜೊತೆಗೆ ಮಗುವಿಗೆ ಇನ್ನೊಂದು ಪಾಠವನ್ನೂ ಕಲಿಸಿದಂತಾಗುತ್ತದೆ. ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್‌ಗಳನ್ನು ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಟ್ಟು, ಸ್ಕೇಲು ಹಿಡಿದು ಪಕ್ಕದಲ್ಲಿ ಕುಳಿತರೆ ಸಾಕು. ಮೊದಲ ಯತ್ನ ಸೊಟ್ಟಗಾದೀತು, ಎರಡನೆಯದು ನೆಟ್ಟಗಾದೀತು. ಆಮೇಲೆ ಪುಸ್ತಕದ ಒಳಪುಟದಲ್ಲಿ ‘ಮುಖಪುಟ ವಿನ್ಯಾಸ’ ಎಂಬುದರ ಮುಂದೆ ಮಗುವಿನ ಹೆಸರನ್ನು ಅಳುಕಿಲ್ಲದೆ ಅಚ್ಚು ಹಾಕಿಸಬಹುದು.