ಮೆಣಸಿನ ಎಲೆ ಮುಟುರು: ಬೆಳಕು ಎಷ್ಟು ಹೇಳೀತು?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ರೈತ ಬಾಂಧವರಿಗೆ ಮೆಣಸಿನ ಎಲೆ ಮುಟುರು ಹೊಸತಲ್ಲ. ಎಲೆ ಮುದುಡಿದೊಡನೆ ಔಷಧಿ ಸಿಂಪಡಿಸುವುದು ವಾಡಿಕೆ. ಆದರೆ ಮೈಟ್ ನುಶಿಯಿಂದ ಎಲೆ ಕೆಳಮುಖವಾಗಿ, ಥ್ರಿಪ್ಸ್ ನುಶಿಯಿಂದ ಮೇಲ್ಮುಖವಾಗಿ ಮುದುಡುತ್ತದೆ. ಬಿಳಿ ನೊಣ ಹರಡುವ ನಂಜಾಣುವಿನಿಂದಲೂ ಮೇಲ್ಮುಖವಾಗಿಯೇ ಮುದುಡಿ, ನರ ದಪ್ಪಗಾಗಿ, ಗಿಡ ಗಿಡ್ಡಾಗುತ್ತದೆ. ನಂಜಾಣುವನ್ನು ಕೊಲ್ಲುವ ಔಷಧಿ ಇಲ್ಲ. ಗುರುತು ತಪ್ಪಿದರೆ ಸಿಂಪರಣೆಯ ಹಣ ಮಣ್ಣುಪಾಲು.

ಆರೋಗ್ಯವಂತ ಎಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ರೋಗ ತಗುಲಿ ಎಲೆಯ ಹರಿತ್ತು, ಒಳರಚನೆ ಕೆಟ್ಟಾಗ ಈ ಪ್ರಮಾಣ ಬದಲಾಗುತ್ತದೆ. ಸಂವೇದಕ ಅದನ್ನು ಅಳೆಯುತ್ತದೆ. ರೋಗ ಖಚಿತಪಟ್ಟ ಎಲೆಗಳ ಅಳತೆಗಳಿಂದ ಮೊದಲೇ ಕಲಿತ ಕೃತಕ ಬುದ್ಧಿಮತ್ತೆ ಹೋಲಿಸಿ ನೋಡುತ್ತದೆ. ನೀರು ಕಡಿಮೆಯಾದರೂ ಅಳತೆ ಬದಲಾಗುವುದರಿಂದ ನಮ್ಮ ಹೊಲಗಳ ಎಲೆಗಳನ್ನೇ ತೋರಿಸಿ ಅದಕ್ಕೆ ಕಲಿಸಬೇಕು.

ಆದರೆ ನಂಜಾಣು ರೂಪಾಂತರ ಹೊಂದಿದೆಯೇ ಎಂಬುದನ್ನು ಎಲೆಯ ಬೆಳಕೊಂದೇ ಹೇಳಲಾರದು. ಎರಡು ಬಗೆಯ ನಂಜಾಣು ಒಂದೇ ಗಿಡ ಸೇರಿದರೆ ವಂಶವಾಹಿ ಬೆರೆತು ಹೊಸ ಬಗೆ ಹುಟ್ಟಬಹುದು. ಹತ್ತಿಯಲ್ಲಿ ಹೀಗಾಗಿದೆ: 2001ರ ಸುಮಾರಿಗೆ ಪಾಕಿಸ್ತಾನದ ಬುರೇವಾಲಾದಲ್ಲಿ ಕಂಡ ಇಂಥ ನಂಜಾಣು ನಿರೋಧಕ ತಳಿಗಳನ್ನೂ ಬಿಡಲಿಲ್ಲ. ಯಂತ್ರ ಶಂಕಿಸಿದ ಎಲೆಗೆ ಪ್ರಯೋಗಾಲಯದ ಡಿಎನ್‌ಎ ಪರೀಕ್ಷೆಯೇ ನಿರ್ಣಾಯಕ. ನಿರೋಧಕ ತಳಿಯಲ್ಲೂ ಮುಟುರು ಕಂಡರೆ, ಗಿಡ ಕಿತ್ತು ಸುಡುವ ಮುನ್ನ ಹಗರಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತಿಳಿಸಿರಿ.