ರಾಸುಗಳ ಚರ್ಮರೋಗ: ಗುರುತಿಸುವ ಬಗೆ, ಮೂಲ ಕಾರಣ ತಿಳಿಯುವ ಬಗೆ

ಬೆಳಿಗ್ಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಾಗ ಹಸುವಿನ ಮೈಮೇಲೆ ಒಂದು ಹುಣ್ಣೋ, ಕೂದಲು ಉದುರಿದ ಮಚ್ಚೆಯೋ ಕಣ್ಣಿಗೆ ಬೀಳುತ್ತದೆ. ಕೂಡಲೇ ನಾವು ಮಾಡುವುದೇನು? ಮನೆಯಲ್ಲಿ ಇದ್ದದ್ದನ್ನು ಹಚ್ಚುತ್ತೇವೆ. ಬೇವಿನ ಎಣ್ಣೆ, ಅರಿಶಿನ ಹಚ್ಚುವವರಿದ್ದಾರೆ. ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿಯುವವರಿದ್ದಾರೆ. ಬೆಳೆಗೆ ತಂದು ಉಳಿದ ಕೀಟನಾಶಕವನ್ನೇ ನೀರಿಗೆ ಬೆರೆಸಿ ಸುರಿಯುವವರೂ ಇದ್ದಾರೆ. ಕೆಲವು ಸಲ ಗುಣವಾಗುವುದುಂಟು. ಆದರೆ ಅನೇಕ ಸಲ ಹಚ್ಚಿದ ಔಷಧಿ ವ್ಯರ್ಥವಾಗಿ, ಅಷ್ಟರೊಳಗೆ ರೋಗ ಬಲಿತಿರುತ್ತದೆ. ಏಕೆಂದರೆ ಚರ್ಮದ ಮೇಲೆ ಕಾಣುವುದು ರೋಗದ ಗುರುತು ಮಾತ್ರ. ಅದರ ಮೂಲ ಕೊಟ್ಟಿಗೆಯ ಗೋಡೆಯಲ್ಲಿರಬಹುದು, ಮೇವಿನಲ್ಲಿರಬಹುದು, ನೊಗದಲ್ಲಿರಬಹುದು, ರಾಸಿನ ಹೊಟ್ಟೆಯೊಳಗೂ ಇರಬಹುದು.

ಒಂದು ಉದಾಹರಣೆ ನೋಡೋಣ. ಕಾಡಂಚಿನ ಊರಿಗೆ ಹೊಸದಾಗಿ ಕೊಂಡು ತಂದ ಕಪ್ಪು-ಬಿಳಿ ಬಣ್ಣದ ಮಿಶ್ರತಳಿ ಹಸು. ಬೇಸಿಗೆ, ಮೇವು ಕಡಿಮೆ. ಬೇಲಿಯಂಚಿನಲ್ಲಿ ನಾಲ್ಕು ದಿನ ಮೇಯಿಸಿದ ಮೇಲೆ ಹಸು ಮೇವು ಬಿಟ್ಟಿತು, ಸಗಣಿ ಗಟ್ಟಿಯಾಯಿತು, ಬಿಸಿಲಿಗೆ ನಿಲ್ಲದೆ ನೆರಳಿಗೆ ಓಡತೊಡಗಿತು. ಆಮೇಲೆ ಮೂತಿ ಒಣಗಿ ಬಿರಿಯಿತು. ಮೈಮೇಲಿನ ಬಿಳಿ ಭಾಗದ ಚರ್ಮ ಸುಟ್ಟಂತಾಗಿ ಸಿಪ್ಪೆ ಏಳತೊಡಗಿತು. ಪಕ್ಕದಲ್ಲೇ ಇರುವ ಕಪ್ಪು ಭಾಗಕ್ಕೆ ಏನೂ ಆಗಿಲ್ಲ! ಇದನ್ನು ಕಜ್ಜಿಯೆಂದು ತಿಳಿದು ಎಣ್ಣೆ ಹಚ್ಚುತ್ತಾ ಕುಳಿತರೆ ಹಸು ಉಳಿಯುವುದು ಕಷ್ಟ. ಇದು ಏನೆಂಬುದನ್ನು ಮುಂದೆ ತಿಳಿಸಿದೆ. ಮೊದಲು ಚರ್ಮವನ್ನು ನೋಡುವ ಕ್ರಮವನ್ನು ಅರಿಯೋಣ.

ಹಚ್ಚುವ ಮೊದಲು ಕೇಳಿಕೊಳ್ಳಬೇಕಾದ ಆರು ಪ್ರಶ್ನೆಗಳು

1. ರಾಸು ಮೈ ತುರಿಸಿಕೊಳ್ಳುತ್ತಿದೆಯೇ? ಕಂಬಕ್ಕೆ, ಮರಕ್ಕೆ ಮೈ ಉಜ್ಜುತ್ತಿದೆಯೇ?
2. ಮಚ್ಚೆ ಅಥವಾ ಹುಣ್ಣು ಮೈಯ ಯಾವ ಭಾಗದಲ್ಲಿದೆ?
3. ಒಂದೇ ರಾಸಿಗೆ ಬಂದಿದೆಯೋ, ಹಲವಕ್ಕೆ ಬಂದಿದೆಯೋ?
4. ಜ್ವರವಿದೆಯೇ? ಹಾಲು ಇಳಿದಿದೆಯೇ?
5. ಇತ್ತೀಚೆಗೆ ಹೊಸ ರಾಸು ತಂದಿರಾ? ಮೇವು, ಮೇಯುವ ಜಾಗ ಬದಲಾಯಿಸಿದಿರಾ?
6. ರಾಸನ್ನು ನೋಡಿಕೊಳ್ಳುವ ಮನೆಯವರಿಗೂ ತುರಿಕೆ, ಮಚ್ಚೆ ಬಂದಿದೆಯೇ?

ಈ ಆರು ಪ್ರಶ್ನೆಗಳ ಉತ್ತರ ನಿಮ್ಮಲ್ಲಿದ್ದರೆ ಪಶುವೈದ್ಯರ ಅರ್ಧ ಕೆಲಸ ಮುಗಿದಂತೆ.

ತುರಿಕೆ ಇದ್ದರೆ

ವಿಪರೀತ ತುರಿಕೆ ಇದ್ದರೆ ಸಾಮಾನ್ಯವಾಗಿ ಹೊರ ಪರೋಪಜೀವಿಗಳು ಕಾರಣ. ಇವುಗಳಲ್ಲಿ ಹೇನು, ಉಣ್ಣೆ ಮತ್ತು ಕಜ್ಜಿಯ ನುಸಿ ಮುಖ್ಯವಾದವು.

ಹೇನು: ಚಳಿಗಾಲದಲ್ಲಿ, ಕೂದಲು ಉದ್ದ ಬೆಳೆದ, ಸೊರಗಿದ ಕರುಗಳಲ್ಲಿ ಹೆಚ್ಚು. ಕುತ್ತಿಗೆ, ಬೆನ್ನು, ಬಾಲದ ಬುಡದಲ್ಲಿ ಕೂದಲು ಬಿಡಿಸಿ ನೋಡಿದರೆ ಹೇನು, ಸೀರುಗಳು ಕಾಣುತ್ತವೆ. ಔಷಧಿಗೆ ಹೇನು ಸಾಯುತ್ತದೆ, ಸೀರು ಸಾಯುವುದಿಲ್ಲ. ಆದುದರಿಂದ ಸುಮಾರು ಎರಡು ವಾರಗಳ ನಂತರ ಮತ್ತೊಮ್ಮೆ ಔಷಧಿ ಕೊಡಬೇಕಾಗುತ್ತದೆ. ಕರುವನ್ನು ಸೊರಗಿಸಿದ ಜಂತುಹುಳು ಮತ್ತು ಮೇವಿನ ಕೊರತೆಯನ್ನು ಸರಿಪಡಿಸದಿದ್ದರೆ ಹೇನು ಮರಳಿ ಬರುತ್ತದೆ.

ಉಣ್ಣೆ: ಕಿವಿಯೊಳಗೆ, ತೊಡೆಸಂದಿನಲ್ಲಿ, ಕೆಚ್ಚಲ ಸುತ್ತ, ಬಾಲದ ಕೆಳಗೆ ಕಚ್ಚಿಕೊಂಡಿರುತ್ತದೆ. ರಕ್ತ ಹೀರಿ ಉಬ್ಬಿದ ಹೆಣ್ಣುಣ್ಣೆ ರಾಸಿನ ಮೈಯಿಂದ ಕೆಳಗೆ ಬಿದ್ದು, ನೆಲದ ಬಿರುಕಿನಲ್ಲಿ, ಗೋಡೆಯ ಸಂದಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ರಾಸಿನ ಮೈ ತೊಳೆದು ಗೋಡೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಬಿರುಕುಗಳನ್ನು ಮುಚ್ಚಿ, ಗೋಡೆಗೆ ಸುಣ್ಣ ಬಳಿಯಿರಿ. ಉಣ್ಣೆ ಕೇವಲ ಚರ್ಮದ ತೊಂದರೆಯಲ್ಲ. ಥೈಲೇರಿಯಾ, ಬೆಬಿಸಿಯಾ ಮುಂತಾದ ರಕ್ತದ ರೋಗಗಳನ್ನು ಹರಡುವುದು ಇದೇ ಉಣ್ಣೆ. ಮಿಶ್ರತಳಿ ಹಸುಗಳಿಗೆ ಇದರ ಅಪಾಯ ಹೆಚ್ಚು. ಉಣ್ಣೆಯಿರುವ ಹಸುವಿಗೆ ಜ್ವರ ಬಂದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಥವಾ ಕೊರಳ ಬದಿಯ, ಭುಜದ ಮುಂದಿನ ಗ್ರಂಥಿ ಊದಿಕೊಂಡರೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಕಜ್ಜಿ: ಕಣ್ಣಿಗೆ ಕಾಣದ ನುಸಿಗಳು ಚರ್ಮವನ್ನು ಕೊರೆದು ಸೇರುವುದರಿಂದ ಬರುತ್ತದೆ. ತಲೆ, ಕುತ್ತಿಗೆ, ಬಾಲದ ಬುಡದಲ್ಲಿ ಆರಂಭವಾಗಿ, ಕೂದಲು ಉದುರಿ, ಚರ್ಮ ದಪ್ಪವಾಗಿ ಮಡಿಕೆ ಬೀಳುತ್ತದೆ. ಎಮ್ಮೆಗಳಲ್ಲಿಯೂ ಸಾಮಾನ್ಯ. ಒತ್ತೊತ್ತಾಗಿ ಕಟ್ಟಿದ ಕೊಟ್ಟಿಗೆಯಲ್ಲಿ ಬೇಗ ಹರಡುತ್ತದೆ. ಯಾವ ನುಸಿಯೆಂಬುದು ತಿಳಿಯಬೇಕಾದರೆ ಮಚ್ಚೆಯ ಅಂಚನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪಶು ಆಸ್ಪತ್ರೆಯಲ್ಲಿ ಈ ಪರೀಕ್ಷೆಯ ಬಗ್ಗೆ ವಿಚಾರಿಸಿ. ಪರೀಕ್ಷೆಗೆ ಹೋಗುವ ಮುನ್ನ ಎಣ್ಣೆ, ಮುಲಾಮು ಹಚ್ಚಬೇಡಿ. ಐವರ್‌ಮೆಕ್ಟಿನ್ ಚುಚ್ಚುಮದ್ದು ಇದಕ್ಕೆ ಒಳ್ಳೆಯ ಔಷಧಿ. ಆದರೆ ಇದರ ಅಂಶ ಹಾಲಿನಲ್ಲಿ ಇಳಿಯುತ್ತದೆ. ಕರೆಯುವ ಹಸುವೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅವರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ಕೊಡಬೇಡಿ.

ದುಂಡನೆಯ ಮಚ್ಚೆ ಇದ್ದರೆ

ಕರುಗಳ ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ನಾಣ್ಯದಷ್ಟಗಲದ ದುಂಡು ಮಚ್ಚೆಗಳಾಗಿ, ಬೂದು-ಬಿಳಿ ಬಣ್ಣದ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಹುಳುಕಡ್ಡಿ. ತುರಿಕೆ ಅಷ್ಟಾಗಿ ಇರುವುದಿಲ್ಲ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ, ಎಂದರೆ ಒಂದು ಬಗೆಯ ಬೂಷ್ಟು. ಕತ್ತಲೆಯ, ತೇವದ, ಕಿಕ್ಕಿರಿದ ಕೊಟ್ಟಿಗೆ ಇದಕ್ಕೆ ಅನುಕೂಲ. ಈ ಬೂಷ್ಟಿನ ಬೀಜಕಗಳು ಕಂಬ, ಗೋದಲಿಗಳಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ.

ಹಕ್ಕಳೆಯನ್ನು ಸೋಪು ನೀರಿನಿಂದ ನೆನೆಸಿ, ಮೆದುವಾದ ಮೇಲೆ ತೆಗೆದು ಸುಟ್ಟುಹಾಕಬೇಕು. ನಂತರ ಮಚ್ಚೆಗೆ ಟಿಂಚರ್ ಅಯೋಡಿನ್ ಅಥವಾ ವೈದ್ಯರು ಹೇಳಿದ ಮುಲಾಮನ್ನು ಹಚ್ಚಬೇಕು. ಕಣ್ಣಿಗೆ ತಗುಲದಂತೆ ಎಚ್ಚರವಿರಲಿ. ಕರುವನ್ನು ದಿನವೂ ಎಳೆಬಿಸಿಲಿಗೆ ಬಿಡಿ. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಕರುವಿನೊಡನೆ ಆಡುವ ಮಕ್ಕಳ ಕೈ, ಮುಖದ ಮೇಲೆ ಇಂತಹ ಮಚ್ಚೆ ಕಂಡರೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದರ ಜೊತೆಗೆ ಕರುವಿಗೂ ಚಿಕಿತ್ಸೆ ಮಾಡಿಸಬೇಕು.

ಗಂಟುಗಳು ಇದ್ದರೆ

ಗಂಟುಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡುವುದು ಅತ್ಯಗತ್ಯ.

ಮೊದಲನೆಯದು ನರಹುಲಿ. ಎಳೆ ರಾಸುಗಳ ತಲೆ, ಕುತ್ತಿಗೆ, ಮೊಲೆತೊಟ್ಟುಗಳ ಮೇಲೆ ಹೂಕೋಸಿನಂತೆ ಒರಟಾಗಿ ಬೆಳೆಯುತ್ತದೆ. ಜ್ವರವಿರುವುದಿಲ್ಲ. ಇದು ವೈರಸ್ಸಿನಿಂದ ಬರುತ್ತದೆ. ಅನೇಕ ವೇಳೆ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಉದುರುತ್ತದೆ. ಹಾಲು ಕರೆಯಲು ಅಡ್ಡಿಯಾದರೆ ಮಾತ್ರ ವೈದ್ಯರಿಂದ ತೆಗೆಸಿ.

ಎರಡನೆಯದು ಚರ್ಮಗಂಟು ರೋಗ. ಮೊದಲು ಜ್ವರ, ಕಣ್ಣು-ಮೂಗಿನಲ್ಲಿ ನೀರು, ಹಾಲಿನ ಇಳಿತ. ಅನಂತರ ಮೈತುಂಬ 2ರಿಂದ 5 ಸೆಂಟಿಮೀಟರ್ ಅಗಲದ ಗಟ್ಟಿಯಾದ ದುಂಡು ಗಂಟುಗಳು ಏಳುತ್ತವೆ. ಕಾಲು, ಗಂಗೆದೊಗಲು ಊದಿಕೊಳ್ಳಬಹುದು. ಗಂಟುಗಳು ಒಡೆದು ಹುಣ್ಣಾಗುತ್ತವೆ. 1929ರಲ್ಲಿ ಆಫ್ರಿಕದ ಜಾಂಬಿಯದಲ್ಲಿ ಮೊದಲು ಕಂಡ ಈ ರೋಗ 2019ರಲ್ಲಿ ಒಡಿಶಾದ ಮೂಲಕ ನಮ್ಮ ದೇಶದಲ್ಲಿ ಪತ್ತೆಯಾಯಿತು. 2022ರಲ್ಲಿ ರಾಜಸ್ಥಾನ, ಗುಜರಾತ್ ಮಾತ್ರವಲ್ಲದೆ ಕರ್ನಾಟಕದ ಕೊಟ್ಟಿಗೆಗಳಲ್ಲಿಯೂ ಅನೇಕ ರಾಸುಗಳು ಸತ್ತುದನ್ನು ನೀವು ಮರೆತಿರಲಾರಿರಿ. ಕಾರಣ ಸಿಡುಬಿನ ಜಾತಿಗೆ ಸೇರಿದ ಒಂದು ವೈರಸ್. ಅದನ್ನು ಹರಡುವವು ಸೊಳ್ಳೆ, ಕಚ್ಚುವ ನೊಣ ಮತ್ತು ಉಣ್ಣೆ. ಮನುಷ್ಯರಿಗೆ ಬರುವುದಿಲ್ಲ.

ಈ ರೋಗದಲ್ಲಿ ಗಂಟಿಗೆ ಹಚ್ಚುವ ಔಷಧಿಯಿಂದ ವೈರಸ್ ಸಾಯುವುದಿಲ್ಲ. ರಾಸನ್ನು ಬೇರೆ ಕಟ್ಟುವುದು, ಕೂಡಲೇ ವೈದ್ಯರಿಗೆ ತಿಳಿಸುವುದು, ಸೊಳ್ಳೆ-ನೊಣಗಳನ್ನು ಹತೋಟಿಯಲ್ಲಿಡುವುದು, ಹುಣ್ಣುಗಳಿಗೆ ಹುಳು ಬೀಳದಂತೆ ಕಾಯುವುದು ನಿಮ್ಮ ಕೆಲಸ. ಆರೋಗ್ಯವಾಗಿರುವ ರಾಸುಗಳಿಗೆ ಮುಂಚಿತವಾಗಿ ಲಸಿಕೆ ಹಾಕಿಸುವುದೇ ನಿಜವಾದ ರಕ್ಷಣೆ. ರೋಗವಿರುವ ಊರಿನಿಂದ, ಸಂತೆಯಿಂದ ರಾಸು ತಂದು ನೇರವಾಗಿ ಕೊಟ್ಟಿಗೆಗೆ ಕಟ್ಟಬೇಡಿ.

ಹೆಗಲ ಹುಣ್ಣು ಇದ್ದರೆ

ಎತ್ತಿನ ಹೆಗಲ ಹುಣ್ಣು ಬಹುಪಾಲು ನೊಗದಿಂದ ಆದದ್ದು. ಒರಟು ನೊಗ, ಎತ್ತರದಲ್ಲಿ ಸಮವಿಲ್ಲದ ಜೋಡಿ, ಒಂದೇ ಕಡೆ ವಾಲುವ ಗಾಡಿಯ ಹೊರೆ, ಮಳೆಯಲ್ಲಿ ನೆನೆದ ಹೆಗಲಿನ ಮೇಲೆ ನೊಗ ಹೂಡುವುದು ಇವೇ ಕಾರಣಗಳು. ಎತ್ತಿಗೆ ವಿಶ್ರಾಂತಿ ಕೊಟ್ಟು, ನೊಗವನ್ನು ನಯಮಾಡದೆ ಎಷ್ಟು ಮುಲಾಮು ಹಚ್ಚಿದರೂ ಹುಣ್ಣು ಮಾಯುವುದಿಲ್ಲ.

ಆದರೆ ನೊಗ ಹೂಡದ ರಾಸಿನ ಹಿಣಿಲಿನ ಮೇಲೆ ಮಾಯದ ಹುಣ್ಣು ಬಂದರೆ ಕಾರಣ ಬೇರೆ. ಅಸ್ಸಾಂ, ಬಂಗಾಳ, ಒಡಿಶಾ, ಕೇರಳ ಮುಂತಾದ ಕಡೆ ಕಾಣುವ ಹಿಣಿಲು ಹುಣ್ಣಿನೊಳಗೆ ಬಲು ಸಣ್ಣ ದಾರದಂತಹ ಹುಳುಗಳಿರುತ್ತವೆ. ಹುಣ್ಣಿನ ಮೇಲೆ ಕೂರುವ ನೊಣಗಳು ಅದನ್ನು ಒಂದು ರಾಸಿನಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಇಂತಹ ಹುಣ್ಣನ್ನು ವೈದ್ಯರಿಗೆ ತೋರಿಸಿ, ನೊಣ ಕೂರದಂತೆ ನೋಡಿಕೊಳ್ಳಬೇಕು.

ಮೇವಿನ ಕೊರತೆಯಿಂದ

ಕಪ್ಪು ಕೂದಲು ಬಣ್ಣಗೆಟ್ಟು ಕಂದಾಗುವುದು, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಕೂದಲು ಮಾಸುವುದು ತಾಮ್ರದ ಕೊರತೆಯ ಲಕ್ಷಣ. ಮೂತಿ, ಕಾಲುಗಳ ಚರ್ಮ ದಪ್ಪವಾಗಿ, ಬಿರುಕು ಬಿಟ್ಟು, ಹೊಟ್ಟು ಉದುರುವುದು ಸತುವಿನ ಕೊರತೆಯಿಂದಿರಬಹುದು. ವರ್ಷವಿಡೀ ಬರೀ ಒಣಹುಲ್ಲು ತಿನ್ನುವ ರಾಸುಗಳಲ್ಲಿ ‘ಎ’ ಜೀವಸತ್ವವೂ ಕಡಿಮೆಯಾಗಿ ಚರ್ಮ ಒಣಗುತ್ತದೆ. ಇವು ಅಂಟುವ ರೋಗಗಳಲ್ಲ. ದೊಡ್ಡ ಹಸುವಿಗೆ ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಒಂದಿಷ್ಟು ಹಸಿರು ಮೇವು ಕೊಡುವುದು ಎಲ್ಲ ಮುಲಾಮುಗಳಿಗಿಂತ ಮೇಲು.

ಆ ಕಪ್ಪು-ಬಿಳಿ ಹಸುವಿಗೆ ಆದದ್ದೇನು?

ಆ ಹಸು ತಿಂದದ್ದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದಲ್ಲಿ ಹೂವಿನ ಅಂದಕ್ಕಾಗಿ ನಮ್ಮ ದೇಶಕ್ಕೆ ತಂದರು. ಇಂದು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಿಂದ ಹಿಡಿದು ನಮ್ಮ ಹೊಲದ ಬೇಲಿಯವರೆಗೆ ಹಬ್ಬಿದೆ. ಊರಿನ ದನಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಬೇರೆ ಕಡೆಯಿಂದ ಬಂದ ದನಗಳು ಮತ್ತು ಬರಗಾಲದಲ್ಲಿ ಹಸಿದ ದನಗಳು ತಿನ್ನುತ್ತವೆ.

ಇದರ ವಿಷ ಪಿತ್ತಜನಕಾಂಗವನ್ನು, ಎಂದರೆ ಈಲಿಯನ್ನು ಕೆಡಿಸುತ್ತದೆ. ಹಸಿರು ಮೇವಿನ ಪತ್ರಹರಿತ್ತು ಹೊಟ್ಟೆಯಲ್ಲಿ ಜೀರ್ಣವಾದಾಗ ಹುಟ್ಟುವ ಒಂದು ವಸ್ತುವನ್ನು ಆರೋಗ್ಯವಾದ ಈಲಿ ಪಿತ್ತದ ಮೂಲಕ ಹೊರಹಾಕುತ್ತದೆ. ಈಲಿ ಕೆಟ್ಟಾಗ ಆ ವಸ್ತು ರಕ್ತದೊಡನೆ ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ಬಿದ್ದೊಡನೆ ಚರ್ಮ ಸುಡುತ್ತದೆ. ಕಪ್ಪು ಚರ್ಮದಲ್ಲಿರುವ ಬಣ್ಣ ಬಿಸಿಲನ್ನು ತಡೆಯುತ್ತದೆ, ಬಿಳಿ ಚರ್ಮಕ್ಕೆ ಆ ರಕ್ಷಣೆಯಿಲ್ಲ. ಬಿಳಿ ಭಾಗ ಮಾತ್ರ ಸುಟ್ಟದ್ದು ಇದರಿಂದ. ಇಂತಹ ರಾಸಿನ ಕಣ್ಣಿನ ಒಳರೆಪ್ಪೆಯನ್ನು ಬಿಡಿಸಿ ನೋಡಿದರೆ ಹಳದಿಯಾಗಿರುತ್ತದೆ.

ತಿಂದ ಸೊಪ್ಪು ಹೊಟ್ಟೆಯಲ್ಲಿರುವವರೆಗೂ ವಿಷ ಮೈಗೆ ಸೇರುತ್ತಲೇ ಇರುತ್ತದೆ. ಹೀಗಾಗಿ ಎಣ್ಣೆ ಹಚ್ಚಿ ಕಳೆದ ಒಂದೊಂದು ದಿನವೂ ನಷ್ಟವೇ. ರಾಸನ್ನು ಕೂಡಲೇ ನೆರಳಿಗೆ ಕಟ್ಟಿ, ಆ ಮೇವು ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕರೆಸಿ. ಹೊಟ್ಟೆಯಲ್ಲಿರುವ ವಿಷವನ್ನು ಹೊರಹಾಕಿಸುವುದು, ಈಲಿಗೆ ಚಿಕಿತ್ಸೆ ಕೊಡುವುದು ಅವರಿಂದ ಮಾತ್ರ ಸಾಧ್ಯ.

ಮಾಡಬಾರದ ಕೆಲಸಗಳು

ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಎಂದಿಗೂ ರಾಸಿನ ಮೈಗೆ ಬಳಸಬೇಡಿ. ಅದು ಚರ್ಮದ ಮೂಲಕ ಒಳಸೇರುತ್ತದೆ, ರಾಸು ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಸೇರುತ್ತದೆ. ಹಿಂದೆ ಉಣ್ಣೆಗೆ ಬಿ.ಎಚ್.ಸಿ. ಪುಡಿ ಎರಚುವ ರೂಢಿ ಇತ್ತು. ಅದರ ವಿಷ ಹಾಲಿನ ಕೊಬ್ಬಿನಲ್ಲಿ ಉಳಿಯುತ್ತದೆ. ನಮ್ಮ ದೇಶದಲ್ಲಿ 1997ರಲ್ಲಿ ಅದನ್ನು ನಿಷೇಧಿಸಲಾಯಿತು. ಸುಟ್ಟ ಎಣ್ಣೆಯನ್ನೂ ಬಳಸಬಾರದು. ಒಂದು ರಾಸಿಗೆ ಗುಣವಾದ ಔಷಧಿಯನ್ನು ಕಾರಣ ತಿಳಿಯದೆ ಇನ್ನೊಂದಕ್ಕೆ ಹಚ್ಚಬೇಡಿ.

ರೈತ ಬಾಂಧವರೇ, ವಾರಕ್ಕೊಮ್ಮೆ ಮೈ ತಿಕ್ಕುವಾಗ ರಾಸಿನ ಕಿವಿಯಿಂದ ಬಾಲದವರೆಗೆ ಕೈಯಾಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೊಸದೇನಾದರೂ ಕೈಗೆ ಸಿಕ್ಕರೆ ಆ ಆರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಜ್ವರವಿದ್ದರೆ, ಹಲವು ರಾಸುಗಳಿಗೆ ಬಂದಿದ್ದರೆ, ಅಥವಾ ಬಿಳಿ ಚರ್ಮ ಮಾತ್ರ ಸುಟ್ಟಂತಿದ್ದರೆ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962 ಸಂಖ್ಯೆಗೆ ದೂರವಾಣಿ ಮಾಡಿ. ಎಣ್ಣೆಯ ಸೀಸೆಗೆ ಕೈಹಾಕುವ ಮೊದಲು ಕೊಟ್ಟಿಗೆ, ಗೋದಲಿ, ನೊಗ, ಮೇಯುವ ಬೇಲಿ ಇವುಗಳ ಕಡೆಗೊಮ್ಮೆ ಕಣ್ಣು ಹಾಯಿಸಿರಿ.