ಹೊಸ ನೌಕರರನ್ನು ಕೆಲಸದಿಂದ ತೆಗೆಯುವ ಮುನ್ನ



ಗ್ರಾಮ ಪಂಚಾಯತಿ ಅಧ್ಯಕ್ಷರ ಅವಧಿ 30 ತಿಂಗಳು. ಅಧಿಕಾರ ಬದಲಾದ ಮೊದಲ ವಾರಗಳಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೇಜಿನ ಮುಂದೆ ಒಂದು ಮಾತು ಬರುವುದುಂಟು: “ಆ ನೀರುಗಂಟಿ ಹಿಂದಿನವರ ಕಡೆಯವನು. ಸೇರಿ ಎಂಟು ತಿಂಗಳಾಗಿದೆ ಅಷ್ಟೆ. ನಾಳೆಯಿಂದ ಬರಬೇಡ ಎಂದು ಹೇಳಿಬಿಡಿ.” ಹೊಸದಾಗಿ ಸೇರಿದವನಿಗೆ ಯಾವ ಹಕ್ಕೂ ಇಲ್ಲ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆ ನಂಬಿಕೆ ಅರ್ಧ ಮಾತ್ರ ಸರಿ.

ಮೊದಲಿಗೆ, ತೆಗೆಯುವವರು ಯಾರು ಎಂಬುದನ್ನು ನೋಡೋಣ. ಕರವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ ಇವರನ್ನು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 113ನೇ ಪ್ರಕರಣದ ಮೇರೆಗೆ, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಪೂರ್ವಾನುಮೋದನೆ ಪಡೆದು ಗ್ರಾಮ ಪಂಚಾಯತಿ ನೇಮಿಸುತ್ತದೆ. ನೇಮಿಸುವವರು ಅಧ್ಯಕ್ಷರೂ ಅಲ್ಲ, ಪಿಡಿಒ ಕೂಡ ಅಲ್ಲ, ಪಂಚಾಯತಿ. ಆದುದರಿಂದ ತೆಗೆಯುವ ತೀರ್ಮಾನವೂ ಕ್ರಮಬದ್ಧವಾಗಿ ಕರೆದ ಸಭೆಯಲ್ಲಿ, ನಡಾವಳಿಯಲ್ಲಿ ದಾಖಲಾದ ನಿರ್ಣಯದ ಮೂಲಕವೇ ಆಗಬೇಕು. ಆದೇಶ ಲಿಖಿತವಾಗಿರಬೇಕು. ನೌಕರನಿಗೆ ಮೇಲ್ಮನವಿಯ ಅವಕಾಶವೂ ಇದೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶ ಆದೇಶವಲ್ಲ.

ಇನ್ನು ಹೊಸಬನ ಸ್ಥಾನ. ಪರೀಕ್ಷಾರ್ಥ ಅವಧಿಯಲ್ಲಿರುವವನಿಗೆ ಆ ಹುದ್ದೆಯ ಮೇಲೆ ಗಟ್ಟಿಯಾದ ಹಕ್ಕಿಲ್ಲ ಎಂಬುದು ನಿಜ. ಕೆಲಸ ತೃಪ್ತಿಕರವಾಗಿಲ್ಲವಾದರೆ, ಯಾವ ಕಳಂಕವನ್ನೂ ಹೊರಿಸದೆ ಅವನ ಸೇವೆಯನ್ನು ಕೊನೆಗೊಳಿಸಬಹುದು. ಆದರೆ “ಕಂದಾಯದ ಹಣ ನುಂಗಿದ್ದಾನೆ” ಎಂಬುದು ನಿಜವಾದ ಕಾರಣವಾಗಿದ್ದು, ಆದೇಶದಲ್ಲಿ ಮಾತ್ರ “ಕೆಲಸ ತೃಪ್ತಿಕರವಲ್ಲ” ಎಂದು ಬರೆದರೆ ಅದು ನಿಲ್ಲುವುದಿಲ್ಲ. ಪುರುಷೋತ್ತಮ ಲಾಲ್ ಧಿಂಗ್ರಾ (1957) ಮತ್ತು ಶಂಶೇರ್ ಸಿಂಗ್ (1974) ಮೊಕದ್ದಮೆಗಳಿಂದ ಮೊದಲ್ಗೊಂಡು ಸರ್ವೋಚ್ಚ ನ್ಯಾಯಾಲಯ ನೋಡುತ್ತ ಬಂದಿರುವುದು ಆದೇಶದ ಪದಗಳನ್ನಲ್ಲ, ಅದರ ಹಿಂದಿನ ಕಾರಣವನ್ನು. ದುರ್ನಡತೆ ಕಾರಣವಾಗಿದ್ದರೆ ದೋಷಾರೋಪಣೆ, ಉತ್ತರಕ್ಕೆ ಅವಕಾಶ, ವಿಚಾರಣೆ ಇವು ಹೊಸಬನಿಗೂ ಸಲ್ಲಬೇಕು. ಅವು ಸರ್ಕಾರಿ ನೌಕರರ ಮೊಕದ್ದಮೆಗಳು, ನಮಗೇಕೆ ಎನ್ನುವವರಿಗೆ ಡಿ.ಕೆ. ಯಾದವ್ (1993) ತೀರ್ಪನ್ನು ತೋರಿಸಬಹುದು. ಎಂಟು ದಿನಕ್ಕಿಂತ ಹೆಚ್ಚು ಗೈರುಹಾಜರಾದರೆ ಕೆಲಸ ತಾನಾಗಿಯೇ ಹೋಯಿತೆಂಬ ನಿಯಮವಿದ್ದ ಖಾಸಗಿ ಕಾರ್ಖಾನೆಯಲ್ಲಿಯೂ, ಕಾರ್ಮಿಕನ ಮಾತು ಕೇಳದೆ ತೆಗೆದದ್ದು ತಪ್ಪೆಂದು ನ್ಯಾಯಾಲಯ ಹೇಳಿತು.

ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ಇಲ್ಲೊಂದು ಲೆಕ್ಕ ಹಾಕದೆ ಇರಲಾರೆ. ಎಂಟು ತಿಂಗಳನ್ನು ಮೂವತ್ತರಿಂದ ಗುಣಿಸಿದರೆ 240. ಕೈಗಾರಿಕಾ ವಿವಾದಗಳ ಅಧಿನಿಯಮ, 1947ರ ಪ್ರಕಾರ ಹನ್ನೆರಡು ತಿಂಗಳ ಅವಧಿಯಲ್ಲಿ 240 ದಿನ ದುಡಿದವನನ್ನು ಒಂದು ವರ್ಷದ ನಿರಂತರ ಸೇವೆಯವನೆಂದು ಪರಿಗಣಿಸಲಾಗುತ್ತಿತ್ತು. ಅಂಥವನನ್ನು ದುರ್ನಡತೆಯಲ್ಲದ ಕಾರಣಕ್ಕೆ ಬಿಡುಗಡೆ ಮಾಡಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದಕ್ಕೆ ಬದಲಾಗಿ ವೇತನ, ಮೇಲೆ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ರಕ್ಷಣೆಯನ್ನು ಉಳಿಸಿಕೊಂಡಿದೆ. ನೀರು ಸರಬರಾಜು ‘ಕೈಗಾರಿಕೆ’ ಹೇಗಾದೀತು ಎಂದು ಕೇಳಬಹುದು. 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟದ್ದು ನಮ್ಮ ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿಯೇ. ವಾರದ ರಜೆಯೂ ಇಲ್ಲದೆ ಬೆಳಗಿನ ಜಾವ ವಾಲ್ವ್ ತಿರುಗಿಸುವವನು ಈ ಗಡಿಯನ್ನು ಎಂದು ದಾಟಿದನೆಂಬುದು ಹಾಜರಿ ಪುಸ್ತಕ ತೆರೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಹಿಂದೆ ನಾನು ಕೆಲಸ ಮಾಡಿದ ಒಂದು ಪಂಚಾಯತಿಯಲ್ಲಿ ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಾಯಿಮಾತಿನ ಸೂಚನೆಯ ಮೇರೆಗೆ ನೀರುಗಂಟಿಯೊಬ್ಬರ ಹೆಸರನ್ನು ಹಾಜರಿ ಪುಸ್ತಕದಿಂದ ಕೈಬಿಟ್ಟೆ. ಸಾವಿರ ಅಡಿ ಆಳದ ಕೊಳವೆಬಾವಿಯ ನೀರು ಯಾವ ಬೀದಿಗೆ ಯಾವ ವಾಲ್ವ್‌ನಿಂದ ಹೋಗುತ್ತದೆಂಬುದು ಅವರೊಬ್ಬರಿಗೇ ಗೊತ್ತಿತ್ತು. ಊರಿನ ಮೇಲಿನ ಕೇರಿಗೆ ನಾಲ್ಕು ದಿನ ನೀರು ಬರಲಿಲ್ಲ. ಅವರು ಮೇಲ್ಮನವಿ ಸಲ್ಲಿಸಿದಾಗ ನನ್ನನ್ನು ಕೇಳಿದ್ದು ಮೂರೇ ಕಾಗದ: ಕಾರಣ ಕೇಳಿ ಕೊಟ್ಟ ನೋಟಿಸು, ಅವರ ಉತ್ತರ, ಸಭೆಯ ನಿರ್ಣಯ. ಮೂರರಲ್ಲಿ ಒಂದೂ ಕಡತದಲ್ಲಿರಲಿಲ್ಲ. ಅವರು ಮರಳಿ ಕೆಲಸಕ್ಕೆ ಬಂದರು. ಮನೆಯಲ್ಲಿ ಕುಳಿತಿದ್ದ ತಿಂಗಳುಗಳ ವೇತನವನ್ನು ಜನರ ಕಂದಾಯದ ಹಣದಿಂದ ತೆತ್ತೆವು. ಅಷ್ಟರಲ್ಲಿ ಅವರ ಮಗಳ ಕಾಲೇಜು ಶುಲ್ಕದ ಕೊನೆಯ ದಿನ ಕಳೆದುಹೋಗಿತ್ತು. ಅದನ್ನು ಯಾವ ಆದೇಶವೂ ಹಿಂದಕ್ಕೆ ತರಲಿಲ್ಲ.

ನಂಬಿಕೆಯ ಸರಿಯಾದ ಅರ್ಧವನ್ನೂ ಮುಚ್ಚಿಡಬಾರದು. ಅನುಮೋದನೆಯಿಲ್ಲದೆ, ಪ್ರಕಟಣೆಯಿಲ್ಲದೆ ಸೇರಿಸಿಕೊಂಡವನು ಖಾಯಮಾತಿಯನ್ನು ಹಕ್ಕೆಂದು ಕೇಳಲಾರ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಮೊದಲಾದ ಉಮಾದೇವಿ ಮೊಕದ್ದಮೆಯಲ್ಲಿ, 2006ರ ಏಪ್ರಿಲ್ 10ರಂದು ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿದೆ. ಆದರೆ ಆ ತೀರ್ಪನ್ನೇ ಗುರಾಣಿಯಾಗಿ ಹಿಡಿದು ವರ್ಷಗಟ್ಟಲೆ ದುಡಿಸಿಕೊಂಡವರನ್ನು ನೋಟಿಸೂ ಇಲ್ಲದೆ ಹೊರಹಾಕುವುದನ್ನು, 2024ರ ಡಿಸೆಂಬರ್‌ನ ಜಗ್ಗೋ ತೀರ್ಪು ಒಪ್ಪಲಿಲ್ಲ. ಕೇಂದ್ರ ಜಲ ಆಯೋಗದ ಸ್ವಚ್ಛತಾ ಕೆಲಸದವರನ್ನು ಮರಳಿ ಸೇರಿಸಿಕೊಂಡು ಖಾಯಂಗೊಳಿಸಲು ಆದೇಶಿಸಿತು. ಅನುಮೋದನೆಯಿಲ್ಲದ ನೇಮಕಾತಿ ನೌಕರನ ತಪ್ಪಲ್ಲ, ನಿರ್ಣಯಕ್ಕೆ ಸಹಿ ಹಾಕಿದ ನಮ್ಮೆಲ್ಲರ ತಪ್ಪು ಎಂಬುದು ನನ್ನ ಅಭಿಪ್ರಾಯ.

ಆದಕಾರಣ ಇಂಥ ವಿಷಯ ಮುಂದಿನ ಸಭೆಯ ಕಾರ್ಯಸೂಚಿಗೆ ಬಂದಲ್ಲಿ, ಕೈ ಎತ್ತುವ ಮೊದಲು ನೇಮಕಾತಿ ಆದೇಶ, ಅನುಮೋದನೆಯ ಪ್ರತಿ, ಹಾಜರಿ ಪುಸ್ತಕ ಮತ್ತು ನೌಕರನ ಲಿಖಿತ ಉತ್ತರವನ್ನು ಸಭೆಯಲ್ಲಿ ಓದಿಸಬೇಕೆಂದು ಕೋರಿ. ತೆಗೆಯುವ ನಿರ್ಣಯವೇ ಆದರೆ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಆ ಮೊತ್ತವನ್ನೂ ಅದೇ ನಡಾವಳಿಯಲ್ಲಿ ಬರೆಸಿ.